ಅತ್ತೆ ಕೊಟ್ಟದ್ದು

ಒಂದು ಮಾತ್ರೆಯನ್ನು ಸೊಸೆ, ಅತ್ತೆ ನೋಡುತ್ತಿದ್ದಂತೆ ನುಂಗಿದಳು. ಇನ್ನೊಂದನ್ನು, ಅತ್ತೆ ಒಲೆಯ ಮೇಲಿನ ಹಾಲು ಇಳಿಸಲು ಬೆನ್ನು ತಿರುಗಿಸಿದ ಮೇಲೆ, ಗಬಕ್ಕನೆ ಬಾಯಿಗೆ ಹಾಕಿಕೊಂಡಳು. ಅದು ಗಂಟಲಲ್ಲೇ ಅಂಟಿಕೊಂಡಿತು. ಲೋಟ ಖಾಲಿ. ಮತ್ತೆ ನೀರು ಬಗ್ಗಿಸಿಕೊಂಡರೆ "ಒಂದು ಮಾತ್ರೆಗೆ ಎರಡು ಲೋಟ ನೀರಾ?" ಎಂದು ಅತ್ತೆ ಕೇಳದೆ ಬಿಡುವವರಲ್ಲ. ಉಗುಳು ನುಂಗಿ ನುಂಗಿಯೇ ಅದನ್ನು ಕೆಳಗಿಳಿಸಿದಳು.

"ಆಯ್ತಾ?"

"ಆಯ್ತು ಅತ್ತೆ."

"ಒಂದೇ ತಾನೇ?"

"ಒಂದೇ."

ಅತ್ತೆ ಗೋಡೆಗೆ ಅಂಟಿಸಿದ್ದ ಕಾಗದದ ಮೇಲೆ ಪೆನ್ಸಿಲಿನಿಂದ ಒಂದು ಗೀಟು ಎಳೆದರು. ಬೆಳಿಗ್ಗೆ ಎಂಟಕ್ಕೊಂದು ಮಾತ್ರೆ, ಸಂಜೆ ಎಂಟಕ್ಕೊಂದು ಮಾತ್ರೆ. ಇಪ್ಪತ್ತಾರು ದಿನಗಳ ಗೀಟುಗಳು ಸಾಲಾಗಿ ನಿಂತಿದ್ದವು. ಅವುಗಳಲ್ಲಿ ಒಂದೂ ಪೂರ್ತಿ ನಿಜವಲ್ಲ ಎನ್ನುವುದು ಆ ಮನೆಯಲ್ಲಿ ಸೊಸೆಯೊಬ್ಬಳಿಗೇ ಗೊತ್ತಿತ್ತು.

ಅವಳ ಕೆಳಹೊಟ್ಟೆಯಲ್ಲಿ ಅತ್ತೆಯ ಒಂದು ಕಿಡ್ನಿ ಇತ್ತು. ಹತ್ತು ತಿಂಗಳಿಂದ ಅಲ್ಲಿದ್ದುಕೊಂಡು ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿತ್ತು. ಅದಕ್ಕೂ ಮುಂಚಿನ ಎರಡು ವರ್ಷ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಅವಳು ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗುತ್ತಿದ್ದಳು. ಕುಡಿಯುವ ನೀರಿಗೂ ಲೆಕ್ಕ: ದಿನಕ್ಕೆ ಮೂರೇ ಲೋಟ. ಬೇಸಿಗೆಯಲ್ಲಿ ಯಾರಾದರೂ ಗಟಗಟ ನೀರು ಕುಡಿಯುವುದನ್ನು ನೋಡಿದರೆ ಅವಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಆಪರೇಷನ್ ಆದ ಎರಡನೆಯ ದಿನ ನರ್ಸ್ ಮೂತ್ರ ತುಂಬಿದ ಚೀಲವನ್ನು ಮಗುವನ್ನು ಎತ್ತಿ ತೋರಿಸುವಂತೆ ಎತ್ತಿ ತೋರಿಸಿದ್ದಳು. ಅಷ್ಟು ಚೆಂದದ ವಸ್ತುವನ್ನು ತಾನು ಜನ್ಮದಲ್ಲಿ ನೋಡಿಲ್ಲ ಅನ್ನಿಸಿತ್ತು.

ಕಿಡ್ನಿ ಕೊಡಲು ಅವಳ ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಗಂಡ ಬಸ್ ಡ್ರೈವರ್. ಕೊಡುತ್ತೇನೆಂದು ಮುಂದೆ ಬಂದವನನ್ನು ಸಕ್ಕರೆ ಕಾಯಿಲೆ ಇದೆಯೆಂದು ಡಾಕ್ಟರು ಹಿಂದಕ್ಕೆ ಕಳಿಸಿದರು. ಅವತ್ತು ಊಟದ ಮೇಜಿನಲ್ಲಿ ಅತ್ತೆ ಬ್ರೆಡ್ಡನ್ನು ಸೂಪಿನಲ್ಲಿ ಅದ್ದುತ್ತಾ, ಪಕ್ಕದ ಕುರ್ಚಿ ಖಾಲಿ ಇದೆ ಎಂದು ಹೇಳುವಷ್ಟೇ ಸಲೀಸಾಗಿ, "ನನ್ನದು ಇದೆಯಲ್ಲ, ನೋಡಲಿ," ಎಂದರು.

ಅವರಿಬ್ಬರ ನಡುವೆ ಅಂಥ ಪ್ರೀತಿಯೇನೂ ಉಕ್ಕಿ ಹರಿಯುತ್ತಿತ್ತು ಎಂದಲ್ಲ. ಹನ್ನೊಂದು ವರ್ಷ ಒಂದೇ ಸೂರಿನಡಿ ಇದ್ದು, ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎನ್ನುವ ಒಂದೇ ಜಗಳವನ್ನು ಹನ್ನೊಂದು ವರ್ಷವೂ ಹೊಸದಾಗಿ ಆಡಿಕೊಂಡು ಬಂದವರು. ಅತ್ತೆ ಮೂವತ್ತು ವರ್ಷ ರೈಲು ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತು ನಿವೃತ್ತರಾದವರು. ಕೇಳಿದ್ದಕ್ಕೆ ಉತ್ತರ, ಅದೂ ಒಂದೇ ಸಲ. ಎರಡನೆಯ ಸಲ ಕೇಳಿದವರನ್ನು ಕನ್ನಡಕದ ಮೇಲಿನಿಂದ ನೋಡುವ ಆ ನೋಟವನ್ನು ಮನೆಗೂ ತಂದಿದ್ದರು. ಕಿಡ್ನಿ ಕೊಡುವಾಗಲೂ ಒಂದು ಷರತ್ತು ಹಾಕಿದರು: "ಇನ್ಮೇಲೆ ನನ್ನ ಟೀಗೆ ಎಷ್ಟು ಸಕ್ಕರೆ ಅಂತ ಯಾರೂ ಕೇಳಬಾರದು."

ಆಪರೇಷನ್ನಿನ ಮೇಲೆ ಸೊಸೆ ಎಲ್ಲರಿಗೂ ಕೃತಜ್ಞತೆ ಹೇಳಿದಳು. ಡಾಕ್ಟರಿಗೆ, ನರ್ಸುಗಳಿಗೆ, ಗಾಲಿಕುರ್ಚಿ ತಳ್ಳಿದವನಿಗೆ, ವಾರ್ಡಿನ ನೆಲ ಒರೆಸುವವಳಿಗೆ. ಅತ್ತೆಗೆ ಮಾತ್ರ ಹೇಳಲು ಆಗಲಿಲ್ಲ. ಬಾಯಿ ತೆರೆದಾಗಲೆಲ್ಲ ಅತ್ತೆ, ಸರದಿಯಲ್ಲಿ ನಿಂತವರನ್ನು ಸಾಗಹಾಕುವ ಹಾಗೆ, "ಆಯ್ತು ಆಯ್ತು, ಮುಂದಿನ ಕೆಲಸ ನೋಡು," ಅನ್ನುತ್ತಿದ್ದರು. ಹೋಗಲಿ, ಕೈಕೆಲಸದಲ್ಲಾದರೂ ತೋರಿಸೋಣವೆಂದು ಅವರ ಕುರ್ಚಿಗೆ ಒಂದು ಮೆತ್ತೆ ಹೊಲಿದುಕೊಟ್ಟಳು. ಅತ್ತೆ ಅದರ ಮೇಲೆ ಕೂತು ಎರಡು ನಿಮಿಷ ಯೋಚಿಸಿ, "ಕುರ್ಚಿ ಎತ್ತರ ಆಯ್ತು. ಕಾಲು ನೆಲಕ್ಕೆ ಸಿಗ್ತಿಲ್ಲ," ಎಂದರು.

ಹೇಳಲಾಗದ ಮಾತೆಲ್ಲ ಮಾತ್ರೆಯ ಶಿಸ್ತಾಗಿ ಹೊರಬಂದಿತು. ಆಸ್ಪತ್ರೆಯಲ್ಲಿ ಕಿಡ್ನಿ ಹಾಕಿಸಿಕೊಂಡವರಿಗೆಲ್ಲ ಪಾಠ ಹೇಳುವ ಹಿರಿಯ ನರ್ಸ್ ಒಬ್ಬರಿದ್ದರು. ಎಲ್ಲರೂ ಅವರನ್ನು ಬೆನ್ನ ಹಿಂದೆ ಗಡಿಯಾರದಮ್ಮ ಅನ್ನುತ್ತಿದ್ದರು. "ಇನ್ನೊಬ್ಬರ ಕಿಡ್ನಿಯನ್ನ ನಿಮ್ಮ ಮೈ ಕಳ್ಳ ಅಂದ್ಕೊಂಡು ಹೊಡೆಯೋಕೆ ಹೋಗುತ್ತೆ. ಮೈಯ ಕಾವಲನ್ನ ಮಂಪರಲ್ಲಿ ಇಡೋದೇ ಈ ಮಾತ್ರೆ ಕೆಲಸ. ಒಂದು ಹೊತ್ತು ತಪ್ಪಿಸಿದ್ರೂ ಕಾವಲು ಎಚ್ಚರ ಆಗುತ್ತೆ. ಮನೆಗೆ ಬೆಂಕಿ ಬಿದ್ರೂ ಮೊದಲು ಮಾತ್ರೆ ನುಂಗಿ, ಆಮೇಲೆ ಓಡಿ," ಎಂದು ಅವರು ಬೆರಳೆತ್ತಿ ಹೇಳಿದ್ದನ್ನು ಸೊಸೆ ಚಾಚೂ ತಪ್ಪದೆ ಪಾಲಿಸಿದಳು. ಹತ್ತು ತಿಂಗಳಲ್ಲಿ ಒಂದೇ ಒಂದು ಹೊತ್ತು ತಪ್ಪಿರಲಿಲ್ಲ. ರಸ್ತೆ ದಾಟುವಾಗ ಕೂಡ ಕೆಳಹೊಟ್ಟೆಯ ಮೇಲೆ ಕೈ ಅಡ್ಡ ಇಟ್ಟುಕೊಂಡು ದಾಟುತ್ತಿದ್ದಳು.

ಹಾಗಿರುವಾಗ, ಇಪ್ಪತ್ತಾರು ದಿನಗಳ ಹಿಂದೆ, ತಿಂಗಳ ತಪಾಸಣೆಗೆಂದು ಹೋದಾಗ ಡಾಕ್ಟರು ಕಾಗದದಿಂದ ತಲೆಯೆತ್ತಿ, "ರಕ್ತದಲ್ಲಿ ಒಂದು ವೈರಸ್ ಸಿಕ್ಕಿದೆ," ಎಂದರು. ಬಿಕೆ ವೈರಸ್ ಅಂತೆ. ಎರಡೇ ಅಕ್ಷರ, ಯಾರದೋ ಇನಿಷಿಯಲ್ ಇದ್ದ ಹಾಗಿತ್ತು ಹೆಸರು. ಬಹಳಷ್ಟು ಜನರ ಮೈಯಲ್ಲಿ ಚಿಕ್ಕಂದಿನಲ್ಲೇ ಬಂದು ಸೇರಿಕೊಂಡಿರುತ್ತದೆ, ಕಿಡ್ನಿಯಲ್ಲಿ ಮಲಗಿರುತ್ತದೆ, ಸಾಯುವತನಕ ಯಾರಿಗೂ ತೊಂದರೆ ಕೊಡುವುದಿಲ್ಲ. ಕಾವಲು ಮಂಪರಿನಲ್ಲಿದ್ದರೆ ಮಾತ್ರ ಎದ್ದು ಕೂರುತ್ತದೆ. ಎದ್ದದ್ದು ಅದೇ ಕಿಡ್ನಿಯನ್ನು ತಿನ್ನಲು ಶುರು ಮಾಡುತ್ತದೆ.

"ಇದಕ್ಕೆ ಅಂತ ನೆಚ್ಚಿಕೊಳ್ಳೋ ಹಾಗಿರೋ ಔಷಧ ಇಲ್ಲ," ಎಂದರು ಡಾಕ್ಟರು. ತೆಳ್ಳಗೆ, ಎತ್ತರಕ್ಕೆ ಇದ್ದ ಅವರಿಗೆ ಮಾತಾಡುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುವ ಅಭ್ಯಾಸ. "ನಿಮ್ಮ ಮೈಯೇ ಇದನ್ನ ಓಡಿಸಬೇಕು. ಅದಕ್ಕೆ ಕಾವಲನ್ನ ಸ್ವಲ್ಪ ಎಚ್ಚರ ಮಾಡೋಣ. ಮಾತ್ರೆ ಅರ್ಧಕ್ಕೆ ಇಳಿಸಿ. ಎರಡರ ಬದಲು ಒಂದೊಂದೇ."

ಜೊತೆಗೆ ಬಂದಿದ್ದ ಅತ್ತೆ ಆಗ ಒಂದೇ ಪ್ರಶ್ನೆ ಕೇಳಿದರು. "ಡಾಕ್ಟ್ರೇ, ಕಿಡ್ನಿ ಒಳಗೆ ಮಲಗಿರುತ್ತೆ ಅಂದ್ರಲ್ಲ. ಹಾಗಾದ್ರೆ ಅದು ನನ್ನ ಕಿಡ್ನಿ ಜೊತೇಲೇ ಹೋಗಿರಬಹುದಾ?"

"ಹೋಗಿರಬಹುದು. ಇವರಲ್ಲೇ ಇದ್ದದ್ದೂ ಆಗಿರಬಹುದು. ಅದನ್ನ ಹೇಳೋಕಾಗಲ್ಲ, ಅದರಿಂದ ಏನೂ ವ್ಯತ್ಯಾಸನೂ ಇಲ್ಲ," ಎಂದರು ಡಾಕ್ಟರು. ಅತ್ತೆ ತಲೆಯಾಡಿಸಿದರು. ಮನೆಗೆ ಬರುವ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೂ ಅಷ್ಟೇ. ಕಿಟಕಿ ತೆರೆದಿದ್ದರೆ ತೆರೆದಿತ್ತು, ಮುಚ್ಚಿದ್ದರೆ ಮುಚ್ಚಿತ್ತು. ಅತ್ತೆ ಗಮನಿಸಿದ ಹಾಗೇ ಕಾಣಲಿಲ್ಲ. ಕೊಟ್ಟದ್ದಕ್ಕೆ ಈಗ ಪಶ್ಚಾತ್ತಾಪವಾಗುತ್ತಿದೆ, ಹೇಳಲಾರದೆ ನುಂಗಿಕೊಳ್ಳುತ್ತಿದ್ದಾರೆ ಎಂದು ಸೊಸೆ ತನ್ನ ಮಟ್ಟಿಗೆ ತಾನೇ ತೀರ್ಮಾನ ಮಾಡಿಕೊಂಡಳು.

ಅವಳು ಹೊಲಿಗೆಯವಳು. ಹೊಸ ಬಟ್ಟೆ ಹೊಲಿಯುವವಳಲ್ಲ. ಬೀದಿಯ ತಿರುವಿನ ಲಾಂಡ್ರಿಯೊಳಗೆ ಒಂದು ಮೂಲೆಯಲ್ಲಿ ಯಂತ್ರ ಹಾಕಿಕೊಂಡು, ಹರಿದದ್ದು, ಬಿಗಿಯಾದದ್ದು, ಸಡಿಲವಾದದ್ದು, ಜಿಪ್ಪು ಕೆಟ್ಟದ್ದು ಇವನ್ನೆಲ್ಲ ಸರಿಮಾಡಿಕೊಡುವವಳು. ಹೊಸದು ಹೊಲಿಯುವವರಿಗೆ ಹೆಸರು ಬರುತ್ತದೆ, ಇವಳಿಗೆ ಬರುತ್ತಿದ್ದದ್ದು ಬರೀ ಪ್ಯಾಂಟುಗಳು. ಹದಿನೇಳು ವರ್ಷದಲ್ಲಿ ಅವಳ ಕೈ ಕಲಿತಿದ್ದ ಮುಖ್ಯವಾದ ವಿದ್ಯೆಯೆಂದರೆ, ಉದ್ದ ಕಡಿಮೆ ಮಾಡಿ ಎಂದು ಯಾರಾದರೂ ತಂದರೆ ಬಟ್ಟೆಗೆ ಕತ್ತರಿ ಹಾಕದಿರುವುದು. ಒಳಕ್ಕೆ ಮಡಿಚಿ ಹೊಲಿಯುತ್ತಿದ್ದಳು. ಇವತ್ತು ಕಡಿಮೆ ಮಾಡಿ ಅಂದವರು ನಾಳೆ ಬಿಚ್ಚಿ ಅನ್ನುತ್ತಾರೆ. ಮಡಿಚಿದ್ದನ್ನು ಬಿಚ್ಚಬಹುದು, ಕತ್ತರಿಸಿದ್ದನ್ನು ಏನು ಮಾಡಲಾದೀತು?

ಮಾತ್ರೆಯ ವಿಷಯದಲ್ಲೂ ಅವಳ ಬುದ್ಧಿ ಅದೇ ದಾರಿ ಹಿಡಿಯಿತು. ಮಾತ್ರೆ ಕಡಿಮೆ ಮಾಡಿ, ಕಾವಲು ಎಚ್ಚರವಾಗಿ, ಅತ್ತೆಯ ಕಿಡ್ನಿಯ ಮೇಲೆ ಬಿದ್ದರೆ? ಒಂದು ಸಲ ಕೆಟ್ಟರೆ ಮುಗಿಯಿತು, ಅತ್ತೆಯ ಹತ್ತಿರ ಕೊಡಲು ಇನ್ನೊಂದಿಲ್ಲ. ಡಾಕ್ಟರು ಹೇಳಿದ್ದನ್ನು ಅವಳು ಧಿಕ್ಕರಿಸಲಿಲ್ಲ. ಸ್ವಲ್ಪ ದಿನ ನೋಡೋಣ, ಆಮೇಲೆ ಇಳಿಸಿದರಾಯಿತು ಎಂದುಕೊಂಡಳು. ಮನೆಯಲ್ಲಿ ಉಳಿದಿದ್ದ ಮಾತ್ರೆಗಳನ್ನು ಲಾಂಡ್ರಿಗೆ ಒಯ್ದು ಗುಂಡಿಯ ಡಬ್ಬಿಯಲ್ಲಿ ಬಚ್ಚಿಟ್ಟಳು. ಅಲ್ಲಿಂದ ದಿನಕ್ಕೆ ಎರಡು ಜೇಬಿಗೆ ಬರುತ್ತಿದ್ದವು. ಸ್ವಲ್ಪ ದಿನ ಅಂದದ್ದು ಇಪ್ಪತ್ತಾರು ದಿನವಾಗಿತ್ತು.

ಇಪ್ಪತ್ತೆಂಟನೆಯ ದಿನ ಮತ್ತೆ ಆಸ್ಪತ್ರೆ. ರಕ್ತ ಎರಡು ದಿನ ಮೊದಲೇ ಕೊಟ್ಟಾಗಿತ್ತು. ಡಾಕ್ಟರ ಕೋಣೆಯಲ್ಲಿ ಮೂರು ಕುರ್ಚಿ, ಒಂದು ತೂಕದ ಯಂತ್ರ, ಕಿಡ್ನಿಯ ಒಂದು ಪ್ಲಾಸ್ಟಿಕ್ ಮಾದರಿ. ಡಾಕ್ಟರು ಕಾಗದವನ್ನು ಎರಡು ಸಲ ಓದಿದರು. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

"ನನಗೆ ಇದು ಅರ್ಥ ಆಗ್ತಿಲ್ಲ," ಎಂದರು. "ವೈರಸ್ಸು ಹೋದ ಸಲ ಹತ್ತು ಸಾವಿರ ಇತ್ತು. ಈಗ ಲಕ್ಷ ದಾಟಿದೆ. ಕ್ರಿಯಾಟಿನಿನ್ನೂ ಒಂದು ಪಾಯಿಂಟ್ ಮೂರು ಇದ್ದದ್ದು ಒಂದು ಪಾಯಿಂಟ್ ಒಂಬತ್ತಕ್ಕೆ ಏರಿದೆ. ಅಂದ್ರೆ ಕಿಡ್ನಿಗೆ ಪೆಟ್ಟು ಬೀಳ್ತಿದೆ. ಮಾತ್ರೆ ಅರ್ಧ ಮಾಡಿದ ಮೇಲೆ ರಕ್ತದಲ್ಲಿ ಅದರ ಮಟ್ಟ ಇಳೀಬೇಕಿತ್ತಲ್ಲ, ಇಳಿದೇ ಇಲ್ಲ. ಬೇರೆ ಏನಾದ್ರೂ ಔಷಧ ತಗೊಂಡ್ರಾ? ಯಾರಾದ್ರೂ ಹೇಳಿದ್ರು ಅಂತ ಬೇರು ಗೀರು, ಪುಡಿ ಗಿಡಿ?"

ಸೊಸೆ ತಲೆಯಲ್ಲಾಡಿಸಿದಳು.

"ಇವಳಾ? ಇವಳು ನೆಗಡಿಗೆ ಕಷಾಯ ಕುಡಿಯೋಕೂ ನಿಮಗೆ ಫೋನ್ ಮಾಡೋಳು," ಎಂದರು ಅತ್ತೆ. "ಡಾಕ್ಟ್ರೇ, ನಾನೇ ಎದುರಿಗೆ ಕೂತು ನುಂಗಿಸ್ತೀನಿ. ಒಂದು ದಿನ ತಪ್ಪಿಲ್ಲ. ಗೀಟು ಹಾಕಿ ಇಟ್ಟಿದೀನಿ, ಬೇಕಾದ್ರೆ ಕಾಗದ ತಂದು ತೋರಿಸ್ತೀನಿ. ಇವಳ ಕಡೆಯಿಂದ ತಪ್ಪಿಲ್ಲ. ತಪ್ಪಿದ್ರೆ ನಿಮ್ಮ ಲ್ಯಾಬಿನವರದ್ದು, ಇಲ್ಲಾ..."

ಅಲ್ಲಿಗೆ ಅವರ ಮಾತು ನಿಂತುಹೋಯಿತು. ಮೂವತ್ತು ವರ್ಷ ಸಾವಿರಾರು ಜನಕ್ಕೆ ತಡವರಿಸದೆ ಉತ್ತರ ಕೊಟ್ಟ ಬಾಯಿ ಅದು. ಸೊಸೆ ತಿರುಗಿ ನೋಡಿದಳು. ಅತ್ತೆ ತಮ್ಮ ಕೈಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದರು.

"ಇಲ್ಲಾ ನಾನು ಕೊಟ್ಟದ್ದೇ ಕೆಟ್ಟದ್ದು. ಅದನ್ನ ನೇರವಾಗಿ ಹೇಳಿಬಿಡಿ ಡಾಕ್ಟ್ರೇ. ಒಂದು ತಿಂಗಳಿಂದ ನನಗೆ ಅನ್ನ ಸೇರ್ತಿಲ್ಲ. ನಾನು ದೊಡ್ಡದಾಗಿ ಕೊಟ್ಟೆ ಕೊಟ್ಟೆ ಅಂತ ಮೆರೆದದ್ದೇ ಬಂತು, ಕೊಟ್ಟದ್ದರ ಒಳಗೇ ಈ ದರಿದ್ರದ್ದನ್ನ ತುಂಬಿ ಕೊಟ್ಟೆನಾ?"

ಅತ್ತೆ ಮೆರೆದದ್ದೇನೂ ಇರಲಿಲ್ಲ. ಅದು ಸೊಸೆಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ತಿಂಗಳ ಆ ಮೌನಕ್ಕೆ ತಾನು ಕೊಟ್ಟಿದ್ದ ಅರ್ಥ ನೆನಪಾಗಿ ಅವಳಿಗೆ ಕೂತಲ್ಲೇ ಕುಗ್ಗಿಹೋದಂತಾಯಿತು. ಪಶ್ಚಾತ್ತಾಪವಲ್ಲ, ಈ ಮುದುಕಿ ಒಬ್ಬರೇ ಕೂತು ತಮ್ಮನ್ನು ತಾವೇ ಬೈದುಕೊಂಡಿದ್ದಾರೆ. ತಾನು ಅವರ ಬೆನ್ನ ಹಿಂದೆ ಮಾತ್ರೆ ನುಂಗುತ್ತಾ, ಅವರ ಕೈಯಿಂದಲೇ ಸುಳ್ಳು ಗೀಟು ಹಾಕಿಸಿದ್ದಳು.

"ನಾನೇ," ಎಂದಳು.

ಡಾಕ್ಟರು ನೋಡಿದರು.

"ನಾನೇ ಸರ್. ನಾನು ಕಡಿಮೆ ಮಾಡಲೇ ಇಲ್ಲ. ಅತ್ತೆ ಎದುರಿಗೆ ಒಂದು, ಅವರು ಆ ಕಡೆ ತಿರುಗಿದ ಮೇಲೆ ಇನ್ನೊಂದು. ದಿನಾ ಎರಡು ಹೊತ್ತೂ." ಒಮ್ಮೆ ಶುರುವಾದ ಮೇಲೆ ಮಾತು ತಡೆಯಲು ಆಗಲಿಲ್ಲ. "ಹೆದರಿಕೆ ಆಯ್ತು. ಅವರದ್ದು ಸರ್, ಅದು. ನನ್ನದಾಗಿದ್ರೆ ನೀವು ಹೇಳಿದ ದಿನವೇ ಇಳಿಸ್ತಿದ್ದೆ. ಅವರು ಕೊಟ್ಟದ್ದನ್ನ ನಾನು ಹಾಳು ಮಾಡಿಬಿಟ್ರೆ ಯಾವ ಮುಖ ಇಟ್ಕೊಂಡು ಅವರ ಜೊತೆ ಒಂದೇ ಮನೇಲಿರಲಿ?"

ಬೈಗುಳ ಬರುತ್ತದೆಂದು ಅವಳು ತಲೆ ತಗ್ಗಿಸಿ ಕಾದಳು. ಡಾಕ್ಟರು ಮಾತ್ರ ಕುರ್ಚಿಗೆ ಒರಗಿ ಉಸಿರು ಬಿಟ್ಟರು, ಪೆನ್ನನ್ನು ಮೇಜಿನ ಮೇಲಿಟ್ಟರು.

"ಸದ್ಯ, ಹೇಳಿದ್ರಲ್ಲ," ಎಂದರು. "ಇಷ್ಟು ಇಳಿಸಿದ್ರೂ ಬಗ್ಗಲ್ಲ ಅಂದ್ಕೊಂಡು ಇದರ ಜೊತೆ ಕೊಟ್ಟಿರೋ ಇನ್ನೊಂದು ಬಗೆ ಮಾತ್ರೆಯನ್ನೂ ಪೂರ್ತಿ ನಿಲ್ಲಿಸಬೇಕು ಅಂತ ಬರೆಯೋಕೆ ಹೊರಟಿದ್ದೆ. ಅದು ಅಪಾಯ ಆಗ್ತಿತ್ತು. ಮಾತ್ರೆ ತಪ್ಪಿಸಿ, ನುಂಗಿದೆ ಅಂತ ಸುಳ್ಳು ಹೇಳೋರು ವಾರಕ್ಕೆ ನಾಲ್ಕು ಜನ ಸಿಗ್ತಾರೆ. ನುಂಗಿ ನುಂಗಿಲ್ಲ ಅಂತ ಹೇಳಿದವರು ನೀವೇ ಮೊದಲು." ಆಮೇಲೆ ಬಾಗಿಲ ಕಡೆ ನೋಡಿ ಗಡಿಯಾರದಮ್ಮನನ್ನು ಕರೆದರು. ಒಳಗೆ ಬಂದ ಅವರಿಗೆ ವಿಷಯ ಹೇಳಿದಾಗ ಅವರು ಹಣೆ ಚಚ್ಚಿಕೊಂಡರು.

"ತಪ್ಪು ನಂದೂ ಇದೆ ಕಣಮ್ಮ. ಬೆಂಕಿ ಬಿದ್ರೂ ಬಿಡಬೇಡಿ ಅಂದೆ. ಡಾಕ್ಟ್ರು ಇಳಿಸಿ ಅಂದ್ರೆ ಇಳಿಸಿ ಅಂತ ಅದರ ಜೊತೆಗೇ ಹೇಳಬೇಕಿತ್ತು."

ಡಾಕ್ಟರು ಅತ್ತೆಯ ಕಡೆ ತಿರುಗಿದರು. "ಅಮ್ಮ, ನೀವು ಕೇಳಿದ್ದಕ್ಕೆ ನೇರವಾಗಿ ಹೇಳ್ತೀನಿ. ನೀವು ಕೊಟ್ಟದ್ದು ಒಳ್ಳೇ ಕಿಡ್ನಿ. ಹತ್ತು ತಿಂಗಳು ಎಷ್ಟು ಚೆನ್ನಾಗಿ ಕೆಲಸ ಮಾಡಿದೆ ಅಂತ ಈ ಕಾಗದಗಳೇ ಹೇಳ್ತಾವೆ. ಈ ವೈರಸ್ಸು ನನ್ನ ಮೈಯಲ್ಲೂ ಇರಬಹುದು, ಈ ನರ್ಸಮ್ಮನ ಮೈಯಲ್ಲೂ ಇರಬಹುದು." ಗಡಿಯಾರದಮ್ಮ ತಮ್ಮ ಮೈಯನ್ನು ಒಮ್ಮೆ ಅನುಮಾನದಿಂದ ನೋಡಿಕೊಂಡರು. "ಇವತ್ತಿಂದ ನಿಜವಾಗಿಯೂ ಒಂದೊಂದೇ. ಎರಡು ವಾರಕ್ಕೊಮ್ಮೆ ರಕ್ತ. ಇಳಿಯುತ್ತೆ ಅಂತ ನನ್ನ ನಂಬಿಕೆ. ಆದ್ರೆ ಮಾತು ಕೊಡೋಕಾಗಲ್ಲ."

ಹೊರಗೆ ಬಂದರು. ಅತ್ತೆ ಮುಂದೆ, ಸೊಸೆ ಎರಡು ಹೆಜ್ಜೆ ಹಿಂದೆ. ಅತ್ತೆ ಬಸ್ ನಿಲ್ದಾಣದ ಕಡೆ ಹೋಗದೆ ಆಸ್ಪತ್ರೆಯ ಕ್ಯಾಂಟೀನಿಗೆ ನುಗ್ಗಿ, ಎರಡು ಟೀ ತಂದು, ತಮ್ಮದಕ್ಕೆ ಮೂರು ಚಮಚ ಸಕ್ಕರೆ ಸುರಿದುಕೊಂಡರು. ಯಾರೂ ಏನೂ ಕೇಳಲಿಲ್ಲ. ಪಕ್ಕದ ಮೇಜಿನಲ್ಲಿ ಕೈಗೆ ಬ್ಯಾಂಡೇಜು ಸುತ್ತಿಕೊಂಡ ಒಬ್ಬ ಗಿರಾಕಿ ಎಡಗೈಯಲ್ಲಿ ಸೂಪು ಕುಡಿಯುವ ಸಾಹಸ ಮಾಡುತ್ತಿದ್ದ. ಅತ್ತೆ ಸ್ವಲ್ಪ ಹೊತ್ತು ಅದನ್ನೇ ನೋಡಿದರು.

"ಬೈಯಿರಿ ಅತ್ತೆ," ಎಂದಳು ಸೊಸೆ.

"ಬೈತೀನಿ. ಅವಸರ ಮಾಡಬೇಡ." ಒಂದು ಗುಟುಕು ಕುಡಿದರು. "ಪೆನ್ಸಿಲ್ ಹಿಡ್ಕೊಂಡು ಗೀಟು ಹಾಕೋಕೆ ನನ್ನನ್ನ ಕೂರಿಸಿದೆಯಲ್ಲ, ಅದಕ್ಕೆ ಬೈತೀನಿ. ಮೂವತ್ತು ವರ್ಷ ನೌಕರಿ ಮಾಡಿದೀನಿ, ಒಂದು ರೈಲಿನ ಹೊತ್ತು ತಪ್ಪು ಹೇಳಿದೋಳಲ್ಲ. ನನ್ನ ಕೈಯಲ್ಲಿ ಇಪ್ಪತ್ತೆಂಟು ದಿನ ಸುಳ್ಳು ಬರೆಸಿದೀಯ."

"ತಪ್ಪಾಯ್ತು."

"ಇನ್ನೊಂದು. ಒಳಗೆ ಏನಂದೆ? ಅವರದ್ದು ಅಂದೆ. ಅವರದ್ದು ಅಂದ್ರೆ ಯಾರದ್ದು?"

"ನಿಮ್ಮದು."

"ನನ್ನದು ಹೇಗಾಗುತ್ತೆ? ನನ್ನ ಹತ್ರ ಇರೋದು ಒಂದು. ಅದು ನನ್ನದು. ನಿನ್ನ ಹತ್ರ ಇರೋದು ನಿನ್ನದು. ಎರವಲು ತಂದ ಪಾತ್ರೆ ಹಾಗೆ ಅದನ್ನ ಉಜ್ಜಿ ಉಜ್ಜಿ ಇಟ್ಕೊಂಡು ಕೂತಿದೀಯಲ್ಲೇ! ವಾಪಸ್ ಕೇಳ್ತೀನಿ ಅಂದ್ಕೊಂಡಿದೀಯಾ?" ಅತ್ತೆಯ ಧ್ವನಿ ಏರಿತು, ಬ್ಯಾಂಡೇಜಿನವನು ಚಮಚ ಹಿಡಿದೇ ತಿರುಗಿ ನೋಡಿದ. "ನೀನು ಅದನ್ನ ಕಾಯಲಿ ಅಂತ ನಾನು ಕೊಡಲಿಲ್ಲ ಕಣೇ. ಅದು ನಿನ್ನನ್ನ ಕಾಯಲಿ ಅಂತ ಕೊಟ್ಟೆ. ನಾಳೆ ಅದು ಕೈ ಕೊಟ್ರೆ ಕೊಡಲಿ. ಹತ್ತು ತಿಂಗಳು ನೀನು ಹೊಟ್ಟೆ ತುಂಬ ನೀರು ಕುಡಿದೆಯಲ್ಲ, ನನಗೆ ಅಷ್ಟು ಸಾಕಾಗಿತ್ತು."

ಸೊಸೆ ಅಲ್ಲೇ, ಎಲ್ಲರ ಎದುರಿಗೆ, ಅತ್ತುಬಿಟ್ಟಳು. ಹೆದರಿಕೆಗೆ ಅತ್ತದ್ದಲ್ಲ. ಹತ್ತು ತಿಂಗಳಿಂದ ಎದೆಯಲ್ಲಿ ಕಟ್ಟಿಕೊಂಡಿದ್ದದ್ದು, ಹೇಳಲು ಹೋದಾಗಲೆಲ್ಲ ವಾಪಸ್ ಬಂದದ್ದು, ಈಗ ಎಗ್ಗಿಲ್ಲದೆ ಹೊರಬಂದಿತು. "ನೀವು ಕೊಡದೆ ಇದ್ದಿದ್ರೆ ನಾನು ಇವತ್ತು ಇಲ್ಲಿ ಕೂತು ಟೀ ಕುಡೀತಾ ಇರಲಿಲ್ಲ ಅತ್ತೆ," ಎಂದಳು.

"ಈ ಟೀ ಕುಡೀದೆ ಇದ್ದಿದ್ರೆ ಏನೂ ನಷ್ಟ ಆಗ್ತಿರಲಿಲ್ಲ," ಎಂದರು ಅತ್ತೆ. ಆದರೆ ಮುಂದಿನ ಕೆಲಸ ನೋಡು ಎನ್ನಲಿಲ್ಲ. ಸೊಸೆಯ ಅಳು ನಿಲ್ಲುವವರೆಗೂ ತಣ್ಣಗಾದ ಟೀಯನ್ನು ಚಮಚದಲ್ಲಿ ಕಲಕುತ್ತಾ ಕೂತಿದ್ದರು.

ಸಂಜೆ ಗಂಡನಿಗೆ ಎಲ್ಲ ಹೇಳಿದರು. ಅವನು ಬೂಟು ಬಿಚ್ಚುತ್ತಿದ್ದವನು ಒಂದು ಬೂಟು ಕಾಲಲ್ಲೇ ಇಟ್ಟುಕೊಂಡು ಪೂರ್ತಿ ಕೇಳಿಸಿಕೊಂಡು, "ಇಬ್ಬರೂ ಒಂದೇ ಜಾತಿ. ಒಬ್ಬರಿಗೊಬ್ಬರು ಕೇಳೋದಿಲ್ಲ, ತಮ್ಮ ಪಾಡಿಗೆ ತಾವು ಸಾಯ್ತಾರೆ," ಎಂದ. ವರ್ಷಕ್ಕೆ ಒಮ್ಮೆ ಅವನು ಅಷ್ಟು ಉದ್ದ ಮಾತಾಡುತ್ತಿದ್ದದ್ದು.

ಎಂಟು ಗಂಟೆಗೆ ಸೊಸೆ ಒಂದು ಮಾತ್ರೆ ನುಂಗಿದಳು. ನಿಜಕ್ಕೂ ಒಂದೇ. ಆ ರಾತ್ರಿ, ಅದರಾಚೆಯ ಎಷ್ಟೋ ರಾತ್ರಿ, ಮೈಯೊಳಗೆ ಏನೋ ಎಚ್ಚರವಾಗುತ್ತಿದೆ ಎನ್ನುವ ಭಯದಲ್ಲೇ ಮಲಗಿದಳು. ಕೆಳಹೊಟ್ಟೆ ಸ್ವಲ್ಪ ಬಿಸಿಯೆನಿಸಿದರೆ ಬಚ್ಚಿಡುತ್ತಿರಲಿಲ್ಲ, ಎದ್ದು ಬಂದು ಅತ್ತೆಗೆ ಹೇಳುತ್ತಿದ್ದಳು. ಅತ್ತೆ ಹಣೆ ಮುಟ್ಟಿ ನೋಡಿ, "ನಿನ್ನ ಹಣೆ ನನ್ನ ಹಣೆಗಿಂತ ತಣ್ಣಗಿದೆ," ಅನ್ನುತ್ತಿದ್ದರು. ಕಿಟಕಿಯ ಜಗಳ ಮತ್ತೆ ಶುರುವಾಯಿತು. ಒಂದು ಮಧ್ಯಾಹ್ನ ಅತ್ತೆ ಗದರಿಕೊಂಡೇ ಕಿಟಕಿ ಮುಚ್ಚಿದಾಗ ಸೊಸೆಗೆ ಹಬ್ಬವಾದಷ್ಟು ಸಂತೋಷವಾಯಿತು.

ವೈರಸ್ಸು ಒಂದೇ ಸಲಕ್ಕೆ ಇಳಿಯಲಿಲ್ಲ. ಮೊದಲ ಎರಡು ವಾರ ಇದ್ದಲ್ಲೇ ಇತ್ತು. ಆಮೇಲೆ ಎಪ್ಪತ್ತು ಸಾವಿರ, ಆಮೇಲೆ ಮೂವತ್ತು. ನಡುವೆ ಒಂದು ಸಲ ಹಠ ಹಿಡಿದಂತೆ ಮೇಲಕ್ಕೆ ಹತ್ತಿ ಎಲ್ಲರ ಜೀವ ಬಾಯಿಗೆ ತಂದಿತು. ಐದನೆಯ ತಿಂಗಳಲ್ಲಿ ಕಾಗದದ ಮೇಲೆ ಅಂಕಿಯೇ ಇರಲಿಲ್ಲ, ಕಾಣಿಸಲಿಲ್ಲ ಎಂದಷ್ಟೇ ಬರೆದಿತ್ತು. ಕ್ರಿಯಾಟಿನಿನ್ ಮಾತ್ರ ಒಂದು ಪಾಯಿಂಟ್ ಆರಕ್ಕೆ ಬಂದು ನಿಂತಿತು. ಮೊದಲಿನ ಅಂಕಿಗೆ ಮರಳಲೇ ಇಲ್ಲ.

"ಸ್ವಲ್ಪ ಗಾಯದ ಕಲೆ ಉಳಿದಿದೆ ಒಳಗೆ," ಎಂದರು ಡಾಕ್ಟರು. "ಆ ಒಂದು ತಿಂಗಳದ್ದು. ಅದು ಹೋಗಲ್ಲ. ಆದ್ರೆ ಇಷ್ಟರಲ್ಲೇ ಬಹಳ ವರ್ಷ ನಡೆಸಿದವರಿದ್ದಾರೆ."

ತನ್ನ ಕೈಯಾರೆ ಆದ ನಷ್ಟ ಅದು. ಅವಳು ಅದನ್ನು ಒಪ್ಪಿಕೊಂಡಳು, ನೊಂದುಕೊಂಡಳು. ಆದರೆ ಅದಕ್ಕಿಂತ ದೊಡ್ಡದಾಗಿ ಎದೆ ತುಂಬಿ ಬಂದದ್ದು ಉಳಿದದ್ದರ ಬಗ್ಗೆ. ಡಾಕ್ಟರಿಗೆ ಕೈ ಮುಗಿದಳು. ಗಡಿಯಾರದಮ್ಮನಿಗೆ ಒಂದು ಹತ್ತಿ ಬಟ್ಟೆಯ ಚೀಲ ಹೊಲಿದುಕೊಟ್ಟಳು. ಲಾಂಡ್ರಿಯ ಮಾಲೀಕಳಿಗೆ, ಆಸ್ಪತ್ರೆಯ ದಿನಗಳಲ್ಲೆಲ್ಲ ಗಿರಾಕಿಗಳಿಗೆ ಸಮಾಧಾನ ಹೇಳಿ ಕಳಿಸಿದ್ದಕ್ಕೆ, ಕಾಲರು ಸವೆದ ಅವಳ ಎರಡು ಅಂಗಿಗಳ ಕಾಲರನ್ನು ತಿರುಗಿಸಿ ಹೊಲಿದುಕೊಟ್ಟಳು. ದಿನ ಬೆಳಗಾದರೆ ಲೋಟ ತುಂಬ ನೀರು ಕುಡಿದು, ಅದು ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ಕಂಡು ಸುಮ್ಮನೆ ಸಂತೋಷಪಡುತ್ತಿದ್ದಳು.

ವೈರಸ್ಸು ಕಾಣಿಸಲಿಲ್ಲ ಎಂಬ ಕಾಗದ ಸಿಕ್ಕ ದಿನವೇ ಅತ್ತೆಯದ್ದೂ ತಪಾಸಣೆ ಇತ್ತು. ಕಿಡ್ನಿ ಕೊಟ್ಟವರೂ ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು. ಅತ್ತೆ ಇವತ್ತು ನಾಳೆ ಎಂದು ಮೂರು ತಿಂಗಳು ತಳ್ಳಿಕೊಂಡು ಬಂದು, ಕೊನೆಗೆ ಸೊಸೆ ಹಟ ಮಾಡಿದ್ದಕ್ಕೆ ಒಪ್ಪಿದ್ದರು. ಹೊಸದಾಗಿ ಸೇರಿದ್ದ ನರ್ಸ್ ಒಬ್ಬಳು ಅರ್ಜಿ ತುಂಬುತ್ತಿದ್ದಳು. ವಯಸ್ಸು, ತೂಕ, ಮಲಗುವ ಹೊತ್ತು, ಏಳುವ ಹೊತ್ತು. ಅತ್ತೆ ಒಂದೊಂದಕ್ಕೂ ಒಂದೊಂದೇ ಪದದಲ್ಲಿ ಉತ್ತರ ಕೊಡುತ್ತಾ ಹೋದರು.

"ಕಿಡ್ನಿ ಕೊಟ್ಟದ್ದು ಯಾವ ಕಡೆಯದ್ದು ಅಮ್ಮ?"

"ಬಲಗಡೆ."

ನರ್ಸ್ ಬರೆಯಲು ಹೋದವಳು ಹಳೆಯ ಕಡತ ತಿರುವಿ ನೋಡಿ ಪೆನ್ನು ನಿಲ್ಲಿಸಿದಳು. "ಇಲ್ಲಿ ಎಡಗಡೆ ಅಂತಿದೆಯಲ್ಲ?"

"ಬಲಗಡೆನೇ ಕಣಮ್ಮ. ನನ್ನ ಮೈ ನನಗೆ ಗೊತ್ತಿಲ್ವಾ?" ಅತ್ತೆ ಅಂಗಿಯ ಅಂಚು ಎತ್ತಿ ಬಲಪಕ್ಕೆಯನ್ನು ತಡವಿದರು. ಏನೂ ಸಿಗಲಿಲ್ಲ. ಇನ್ನೂ ಸ್ವಲ್ಪ ಹಿಂದಕ್ಕೆ ತಡವಿದರು, ಕೆಳಕ್ಕೆ ತಡವಿದರು. ಹುಬ್ಬು ಗಂಟಿಕ್ಕಿಕೊಂಡು ಕೈ ಬದಲಾಯಿಸಿ ಎಡಪಕ್ಕೆಗೆ ಹೋದರು. ಅಲ್ಲಿ ಬೆರಳಿಗೆ ಸಣ್ಣ ಗೆರೆಯೊಂದು ತಾಗಿತು.

"ಓ. ಇಲ್ಲಿದೆ ನೋಡು. ಎಡಗಡೆನೇ," ಎಂದರು ಸ್ವಲ್ಪ ಬೇಜಾರಿನಲ್ಲಿ. "ಒಂದು ವರ್ಷದ ಮೇಲಾಯ್ತು. ಇದನ್ನೆಲ್ಲ ಯಾರು ನೆನಪಿಟ್ಕೊಂಡು ಕೂರ್ತಾರೆ? ಬರ್ಕೋ, ಎಡಗಡೆ."

ನರ್ಸ್ ಬರೆದುಕೊಂಡಳು. ಅತ್ತೆ ಮುಂದಿನ ಪ್ರಶ್ನೆಗೆ ಕಾಯುತ್ತಾ ಕೂತರು. ಪಕ್ಕದಲ್ಲಿದ್ದ ಸೊಸೆ ಕೈ ಚಾಚಿ, ಎಡಗಡೆ ಮಡಿಚಿಕೊಂಡೇ ಉಳಿದಿದ್ದ ಅತ್ತೆಯ ಅಂಗಿಯ ಅಂಚನ್ನು ನಿಧಾನವಾಗಿ ಕೆಳಗೆಳೆದು ಸರಿಮಾಡಿದಳು.